ನೀರು ಕುಡಿಯದ ದಿಬ್ಬ

ಪುಟ್ಟಿ, ಗುಂಡ, ಮನೆಯಲ್ಲಿ ಕರೆಯುವ ಹೆಸರಿನಿಂದಲೇ ಕರೆಯುತ್ತಿದ್ದೇನೆ. ಶಾಲೆಯ ಹೆಸರು ಬರೆದರೆ ಯಾರೋ ಬೇರೆಯವರ ಮಕ್ಕಳಿಗೆ ಬರೆದ ಹಾಗೆ ಅನಿಸುತ್ತದೆ. ಉಳಿದ ಯಾರ ಹೆಸರನ್ನೂ ಬರೆಯುವುದಿಲ್ಲ. ನಿಮ್ಮ ತಾತನ ಹೆಸರನ್ನು ಅವರು ಇದ್ದಾಗಲೂ ನಾನು ಬಾಯಿ ಬಿಟ್ಟು ಹೇಳಿದವಳಲ್ಲ, ಈಗ ಕಾಗದದ ಮೇಲೆ ಹೇಗೆ ಬರೆಯಲಿ.

ಮೊನ್ನೆ ಪುಟ್ಟಿ ನನ್ನ ಉದ್ದನೆಯ ನೋಟ್‌ಬುಕ್ಕನ್ನು ತೆಗೆದು ನೋಡಿ, "ಅಜ್ಜಿ, ಇದ್ರಾಗೆ ಬರೀ ಚರಂಡಿ ಬೊಂಬೆನೇ ಬರ್ದಿದ್ದೀಯಲ್ಲ, ನಿಂಗೂ ಓಂವರ್ಕ್ ಕೊಡ್ತಿದ್ರಾ?" ಎಂದಳು. ನಾನು "ಊಂ" ಎಂದು ಒಲೆಯ ಕಡೆ ಹೋದೆ. ಎದುರಿಗೆ ನಿಂತು ಹೇಳುವುದು ನನಗೆ ಯಾವತ್ತೂ ಬರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಸೊಂಟ ನೋಯುತ್ತದೆ, ಒಂದೇ ಸಲಕ್ಕೆ ಎರಡು ಪುಟಕ್ಕಿಂತ ಹೆಚ್ಚು ಆಗುವುದಿಲ್ಲ. ಅಕ್ಷರ ಅಲ್ಲಲ್ಲಿ ವಾಲಿದ್ದರೆ ಹೊಂದಿಸಿಕೊಂಡು ಓದಿ.

ನಾನು ಹುಟ್ಟಿದ್ದು ಕ್ಯಾಸಂಬಳ್ಳಿಯ ಹತ್ತಿರದ ಹಳ್ಳಿಯಲ್ಲಿ. ಅಲ್ಲಿನ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದೆ. ಮದುವೆಯಾಗಿ ಚಾಂಪಿಯನ್ ರೀಫ್ಸಿನಲ್ಲಿ ಬಂಗಾರದ ಗಣಿಯವರಿಗೆಂದು ಸಾಲಾಗಿ ಕಟ್ಟಿದ ಈ ಲೈನ್ ಮನೆಗೆ ಬಂದೆ. ನಿಮ್ಮ ತಾತ ಗಣಿಯೊಳಗೆ ಪಂಪು ನೋಡಿಕೊಳ್ಳುತ್ತಿದ್ದರು. ಬಂಗಾರ ತೆಗೆಯುವವರು ಒಂದು ಕಡೆ ತೆಗೆಯುತ್ತಿದ್ದರೆ, ಅವರ ಕಾಲಡಿಯಲ್ಲಿ ಊರುವ ನೀರನ್ನು ಮೇಲಕ್ಕೆ ಎಸೆಯುವುದು ಇವರ ಕೆಲಸ. ಮೂರು ಪಾಳಿಯಲ್ಲೂ ಪಂಪು ನಿಲ್ಲುವ ಹಾಗಿಲ್ಲ. ಕೆಲಸ ಮುಗಿಸಿ ಬಂದು ಕಂಬಳಿಯ ಮೇಲೆ ಕಾಲು ಚಾಚಿ, "ನೀರ್ಗೆ ಸುಸ್ತು ಅನ್ನಾದೇ ಇಲ್ಲ ಕಣೆ. ಸುಸ್ತಾಗಾದು ನಮ್ಗೇ" ಎನ್ನುತ್ತಿದ್ದರು. ಗಣಿ ಮುಚ್ಚಿದ ಮೇಲೆ ಪಂಪುಗಳೂ ನಿಂತವು. ಕೆಳಗೆಲ್ಲ ನೀರು ತುಂಬಿಕೊಂಡಿತು. ಕೆಲವು ವರ್ಷಗಳ ನಂತರ ನಿಮ್ಮ ತಾತನೂ ಹೋದರು. ಆ ಕಥೆ ಬೇರೆ.

ನಿಮ್ಮಮ್ಮ ಈ ಮನೆಯಲ್ಲೇ ಹುಟ್ಟಿ ಬೆಳೆದು ಡಿಪ್ಲೊಮಾ ಓದಿದ್ದು ನಿಮಗೆ ಗೊತ್ತು. ಗುಂಡ ಹುಟ್ಟಿದ ಮೇಲೆ ಮೂರು ವರ್ಷ ಮನೆಯಲ್ಲೇ ಇದ್ದಳು. ಆಮೇಲೆ ಬಂಗಾರಪೇಟೆಯಲ್ಲಿ ರಸ್ತೆ, ಮೋರಿ ಕಟ್ಟಿಸುವ ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ದೊಡ್ಡ ಇಂಜಿನಿಯರು ಒಂದು ಮಾತು ಹೇಳಿದ್ದರು: ಮಳೆನೀರು ಹೇಗೆ ಹರಿಯುತ್ತದೆ, ಅದಕ್ಕೆ ಎಷ್ಟು ದೊಡ್ಡ ದಾರಿ ಬೇಕು ಎಂದು ಕಲಿಸುವ ಒಂದು ಕೋರ್ಸು ಫೋನಿನಲ್ಲೇ ಇದೆ, ಅದನ್ನು ಮುಗಿಸಬೇಕು. ಮುಗಿಸಿದರೆ ಕೆಲಸ ಕಾಯಂ. ಅವಳು ಬೆಳಿಗ್ಗೆ ಏಳಕ್ಕೆ ಮೊದಲೇ ಚಾಂಪಿಯನ್ ಸ್ಟೇಷನ್ನಿನಲ್ಲಿ ರೈಲು ಹಿಡಿದರೆ ಸಂಜೆ ಬರುತ್ತಿದ್ದಳು. ನಿಮ್ಮಪ್ಪ ಲಾರಿಯ ಮೇಲೆ ಹೋದರೆ ವಾರಗಟ್ಟಲೆ ಇಲ್ಲ. ಬಂದವಳು ಅನ್ನ ಕಲಸಿಕೊಂಡು ಫೋನು ನೋಡುತ್ತಾ ಕೂತಲ್ಲೇ ತೂಕಡಿಸುತ್ತಿದ್ದಳು. ಪಾಠ ತನ್ನಷ್ಟಕ್ಕೆ ಓಡುತ್ತಿತ್ತು. ನಡುವೆ ಪ್ರಶ್ನೆಯೊಂದು ಬಂದು ನಿಂತರೆ ಯಾರೂ ಉತ್ತರ ಒತ್ತದೆ ಅದೂ ಅಲ್ಲೇ ನಿಂತಿರುತ್ತಿತ್ತು.

ಒಂದು ದಿನ ಅವಳೇ ಕೇಳಿದಳು. "ಅಮ್ಮಾ, ಅಳೇ ಫೋನ್ನ ಇಲ್ಲೇ ಬುಟ್ಟೋಗ್ತೀನಿ. ಮದ್ಯಾನ ಪಾಠ ಆಕ್ಕೊಂಡು ಮುಖ್ಯವಾದ್ದ ಒಂದೀಟು ಬರ್ದಿಡ್ತೀಯಾ? ಕನ್ನಡದಾಗೇ ಏಳ್ತಾರೆ."

"ನಂಗೇನ್ ತಿಳೀತದೆ ಅದು?"

"ತಿಳೀದಿದ್ರೆ ಬುಡು. ಕೇಳಿದ್ದ ಬರಿ. ಸಂಜೆ ಬಂದು ನಾನ್ ಓದ್ಕೊಂತೀನಿ."

"ಪ್ರಶ್ನೆ ಬಂದ್ರೆ?"

"ಒತ್ತಮ್ಮಾ ಯಾವ್ದಾನ. ಕಚ್ಚಲ್ಲ ಅದು."

ಹೀಗೆ ಶುರುವಾಯಿತು. ಪುಟ್ಟಿ ಶಾಲೆಗೆ, ಗುಂಡ ಅಂಗನವಾಡಿಗೆ ಹೋದ ಮೇಲೆ ರಾಗಿ ಡಬ್ಬಕ್ಕೆ ಫೋನನ್ನು ಒರಗಿಸಿ ಕೂರುತ್ತಿದ್ದೆ. ಗಾಜು ಒಡೆದ ಫೋನು, ಮೇಷ್ಟರ ಮುಖದ ಮೇಲೆ ಮೂರು ಗೆರೆ. ಅವರು ಯಾವುದೋ ಭಾಷೆಯಲ್ಲಿ ಹೇಳಿದ್ದನ್ನು ಇನ್ನೊಬ್ಬರು ಕನ್ನಡದಲ್ಲಿ ಓದುತ್ತಿದ್ದರು. ತುಟಿ ಒಂದು ಕಡೆ, ಮಾತು ಒಂದು ಕಡೆ. ಜಲಾನಯನ, ಹರಿವಿನ ಪ್ರಮಾಣ, ಸಾಂದ್ರತಾ ಕಾಲ ಎಂಬಂಥ ಮಾತುಗಳು. ಮೊದಲನೆಯ ವಾರ ನನಗೆ ಬರೀ ನಿದ್ದೆ ಬಂತು. ಬರೆದದ್ದನ್ನು ಸಂಜೆ ನಿಮ್ಮಮ್ಮ ಓದಿ, "ಅಂಕೆನೆಲ್ಲ ಕನ್ನಡದಾಗೇ ಬರ್ದಿದ್ದೀಯಲ್ಲಮ್ಮೋ, ಪಂಚಾಂಗ ಓದ್ದಂಗೈತೆ" ಎಂದು ನಕ್ಕಳು. ನಗಲಿ ಎಂದುಕೊಂಡೆ. ಅವಳು ನಗುವುದು ಆಗ ಅಪರೂಪವಾಗಿತ್ತು.

ತಿಳಿಯಲು ಶುರುವಾದದ್ದು ಹೇಗೆ ಎಂದು ಹೇಳುತ್ತೇನೆ. ಸಾಂದ್ರತಾ ಕಾಲ ಅಂದರೆ, ಮಳೆ ಬಿದ್ದಾಗ ಎಲ್ಲಕ್ಕಿಂತ ದೂರದ ಮೂಲೆಯ ಹನಿ ಮೋರಿಯ ಬಾಯಿಗೆ ಬಂದು ಸೇರಲು ಹಿಡಿಯುವ ಹೊತ್ತು. ಮೇಷ್ಟರು ಗೆರೆ ಎಳೆದು ಎಳೆದು ಹೇಳಿದರೂ ನನಗೆ ಹತ್ತಲಿಲ್ಲ. ಅವರೆಕಾಯಿ ಸುಲಿಯುತ್ತಾ ಇದ್ದವಳಿಗೆ ಇದ್ದಕ್ಕಿದ್ದ ಹಾಗೆ ನಮ್ಮೂರ ಮದುವೆ ಊಟ ನೆನಪಾಯಿತು. ಹತ್ತಿರದ ನೆಂಟರು ಮೊದಲು ಬಂದು ಕೂರುತ್ತಾರೆ. ಅವರು ಉಂಡು ಏಳುವ ಮುಂಚೆಯೇ ದೂರದೂರಿನ ಬಸ್ಸಿನವರೂ ಬಂದು ಇಳಿದರೆ ಆಗಲೇ ಪಂಕ್ತಿಗೆ ಜಾಗ ಸಾಲದೆ ಗಲಾಟೆ. ಮೋರಿಯೂ ಹಾಗೆಯೇ. ದೂರದ ನೀರು ಬರುವ ಹೊತ್ತಿಗೆ ಹತ್ತಿರದ ನೀರು ಇನ್ನೂ ಬರುತ್ತಲೇ ಇದ್ದರೆ ಆಗ ಅದರ ಹೊಟ್ಟೆ ಬಿರಿಯುತ್ತದೆ. ಅಷ್ಟು ಹೊತ್ತು ಬಿಡದೆ ಹೊಡೆಯುವ ಮಳೆಗೆ ಲೆಕ್ಕ ಕಟ್ಟಬೇಕು. ಇದನ್ನೇ ನೋಟ್‌ಬುಕ್ಕಿನಲ್ಲಿ ಬರೆದೆ. ನಿಮ್ಮಮ್ಮ ಓದಿ, ಕಣ್ಣೆತ್ತಿ ನನ್ನನ್ನು ನೋಡಿದಳು. ಆವತ್ತಿನಿಂದ ಅವಳು ಪಾಠ ನೋಡುವುದನ್ನು ಬಿಟ್ಟು ನನ್ನ ನೋಟ್‌ಬುಕ್ಕನ್ನೇ ಓದಿಕೊಂಡು ಪರೀಕ್ಷೆಗೆ ತಯಾರಾದಳು. ಅದು ಸರಿಯೋ ತಪ್ಪೋ ಎಂದು ಆಗ ಯೋಚಿಸುವಷ್ಟು ತ್ರಾಣ ನಮ್ಮಿಬ್ಬರಲ್ಲೂ ಇರಲಿಲ್ಲ.

ಆ ಬೇಸಿಗೆಯಲ್ಲೇ ನಮ್ಮ ಲೈನಿನ ತುದಿಯಲ್ಲಿ ರಸ್ತೆಯ ಕೆಳಗಿದ್ದ ಹಳೇ ಕಲ್ಲಿನ ಮೋರಿ ಕುಸಿಯಿತು. ಅದನ್ನು ತೆಗೆದು ಸಿಮೆಂಟಿನ ಪೈಪು ಹಾಕುವ ಕೆಲಸ ನಿಮ್ಮಮ್ಮನ ಆಫೀಸಿಗೇ ಬಂತು. ದೊಡ್ಡ ಇಂಜಿನಿಯರು, "ನಿಮ್ಮನೆ ಮುಂದಿನ್ದೇ ಅಲ್ವೇನಮ್ಮ, ಎಷ್ಟು ದಪ್ಪದ ಪೈಪು ಬೇಕು ಅಂತ ನೀನೇ ಲೆಕ್ಕ ಹಾಕು. ನಿನ್ನ ಕೋರ್ಸಿನ ಕೊನೇ ಕೆಲಸಕ್ಕೂ ಆಯ್ತದೆ" ಎಂದರಂತೆ. ಅವಳು ಮನೆಗೆ ಬಂದು ಇದನ್ನು ಹೇಳುವಾಗ ಚಪ್ಪಲಿ ಬಿಡುವುದನ್ನೂ ಮರೆತಿದ್ದಳು.

ಆ ಮೋರಿ ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿದ್ದದ್ದು ಎದುರು ಸಾಲಿನ ಕೊನೆಯ ಮನೆಯ ಹಪ್ಪಳದ ಅಜ್ಜಿಗೆ. ತಮಿಳಿನವರಾದ್ದರಿಂದ ನೀವು ಪಾಟಿ ಎಂದು ಕರೆಯುತ್ತೀರಲ್ಲ, ಅವರೇ. ಅವರ ಗಂಡನೂ ಗಣಿಯವರೇ, ಅವರೂ ಇಲ್ಲ. ನಮ್ಮ ಮನೆಗೆ ಮೂರು ಮೆಟ್ಟಿಲಿದೆ. ಅವರದು ಇಳಿಜಾರಿನ ಕೊನೆ, ಹೊಸ್ತಿಲು ರಸ್ತೆಗಿಂತ ತಗ್ಗು. ಚಾಪೆಯ ಮೇಲೆ ಹಪ್ಪಳ ಒಣಗಿಸಿ, ಒಳಗಿನ ಕೋಣೆಯಲ್ಲಿ ಜೋಡಿಸಿಟ್ಟು, ಬಂಗಾರಪೇಟೆಯ ಅಂಗಡಿಗಳಿಗೆ ಕೊಟ್ಟು ಬದುಕುವವರು. ಮೋರಿ ಸರಿಯಾಗಿದ್ದರೆ ಅವರ ಒಲೆ ಒಣಗಿರುತ್ತದೆ, ಇಲ್ಲದಿದ್ದರೆ ಇಲ್ಲ. ಇಷ್ಟೇ ವಿಷಯ.

ಆ ಪೈಪಿಗೆ ಬರುವ ನೀರಿನಲ್ಲಿ ಅರ್ಧ ಲೈನ್ ಮನೆಗಳದ್ದು, ಇನ್ನರ್ಧ ಹಿಂದಿನ ದಿಬ್ಬದ್ದು. ಕಲ್ಲನ್ನು ಪುಡಿ ಮಾಡಿ ಬಂಗಾರ ಬಸಿದುಕೊಂಡು ಬಿಸಾಡಿದ ಹಿಟ್ಟು ಗುಡ್ಡದಂತೆ ಬಿದ್ದಿರುವ ಆ ಸೈನೈಡ್ ದಿಬ್ಬ. ಪಾಠದಲ್ಲಿ ಒಂದು ಪಟ್ಟಿ ಇತ್ತು. ಬಿದ್ದ ಮಳೆಯಲ್ಲಿ ಯಾವ ನೆಲ ಎಷ್ಟನ್ನು ಕುಡಿಯುತ್ತದೆ, ಎಷ್ಟನ್ನು ಹರಿಯಬಿಡುತ್ತದೆ ಎಂಬ ಪಟ್ಟಿ. ತಗಡಿನ ಮಾಡು ಹೆಚ್ಚುಕಡಿಮೆ ಎಲ್ಲವನ್ನೂ ಹರಿಯಬಿಡುತ್ತದೆ. ಜೇಡಿಮಣ್ಣು ಅದಕ್ಕಿಂತ ಕಡಿಮೆ. ಮರಳು ನೆಲ ಬಹಳ ಕಡಿಮೆ, ಬಂದದ್ದನ್ನೆಲ್ಲ ಕುಡಿದುಬಿಡುತ್ತದೆ. ನಮ್ಮ ದಿಬ್ಬದಂಥದ್ದು ಆ ಪಟ್ಟಿಯಲ್ಲಿ ಇರಲಿಲ್ಲ. ಅದನ್ನು ಬರೆದವರು ಈ ಊರನ್ನು ನೋಡಿರಲಿಕ್ಕಿಲ್ಲ.

ಆಫೀಸಿನಿಂದ ನಿಮ್ಮಮ್ಮನ ಫೋನು ಬಂತು. "ಅಮ್ಮಾ, ಆ ನೆಲದ ಪಟ್ಟಿ ಇರೋ ಪುಟ ತೆಗಿ. ದಿಬ್ಬಕ್ಕೆ ಯಾವ್ದು ಆಕ್ಲಿ?"

ನಾನು ಹೊಸ್ತಿಲಿಗೆ ಬಂದು ದಿಬ್ಬವನ್ನು ನೋಡಿದೆ. ಬೇಸಿಗೆಯ ಗಾಳಿಗೆ ಬೆಳ್ಳಗೆ ಧೂಳು ಏಳುತ್ತಿತ್ತು. ಮುಟ್ಟಿದರೆ ಬೆರಳ ಸಂದಿಯಲ್ಲಿ ಜಾರುವಂಥದ್ದು. ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಒಂದು ಮಾತು ಹಾದುಹೋಯಿತು. ಚಿತ್ತೆ ಮಳೆಯಲ್ಲಿ ಆ ದಿಬ್ಬದಿಂದ ಮಜ್ಜಿಗೆಯಂತೆ ಬಿಳಿ ನೀರು ಧುಮುಕುವುದನ್ನು ನಾನು ಇದೇ ಹೊಸ್ತಿಲಲ್ಲಿ ನಿಂತು ಎಷ್ಟು ವರ್ಷ ನೋಡಿದ್ದೇನೆ. ಕುಡಿಯುವ ನೆಲವಾದರೆ ಅಷ್ಟು ನೀರು ಯಾಕೆ ಬರುತ್ತದೆ? ಆದರೆ ಮೇಷ್ಟರು ಅಷ್ಟು ಓದಿದವರು ಹೇಳಿದ್ದಾರೆ, ಮರಳು ನೀರು ಕುಡಿಯುತ್ತದೆ ಎಂದು. ಏಳನೇ ಕ್ಲಾಸಿನವಳು ನಾನು ಏನು ಕಂಡೆ? ಕಂಡದ್ದು ಬೇರೆ ಏನೋ ಇರಬೇಕು.

"ಮರಳು ಅಂತ ಆಕು" ಎಂದೆ.

"ಗ್ಯಾರಂಟಿನಾ?"

"ಊಂ. ಮರಳೇ."

ದೊಡ್ಡ ಇಂಜಿನಿಯರೂ ಬಂದು ಜಾಗ ನೋಡಿದರು. ಬಾಗಿ ಒಂದು ಹಿಡಿ ತೆಗೆದುಕೊಂಡು ಬೆರಳ ಸಂದಿಯಿಂದ ಸುರಿಸಿ, "ಊಂ, ಸರಿಯಾಗೈತೆ" ಎಂದು ಕರ್ಚೀಫಿನಲ್ಲಿ ಕೈ ಒರೆಸಿಕೊಂಡರು. ಪೈಪು ಬಂತು. ಒಂದೇ ಸಾಲು, ಹಳೆಯ ಕಲ್ಲಿನ ಮೋರಿಯ ಬಾಯಿಗಿಂತ ಸಣ್ಣದು. ಇಳಿಸುವ ಮುಂಚೆ ಹಪ್ಪಳದ ಅಜ್ಜಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣಿನ ಮೇಲೆ ಕರ್ಪೂರ ಇಟ್ಟು ಬೆಳಗಿದರು. ನಿಮ್ಮಮ್ಮನ ಗಲ್ಲ ಹಿಡಿದು, "ನಮ್ ಲೈನ್ ಪೊಣ್ಣು, ನಮ್ ಉಡ್ಗಿ ಆಕಿದ್ ಪೈಪು. ಇನ್ನೇನ್ ಭಯ ಇಲ್ಲಮ್ಮಾ ನಂಗೆ" ಎಂದರು. ನಿಮ್ಮಮ್ಮ ಪರೀಕ್ಷೆ ಪಾಸಾದದ್ದೂ ಆ ತಿಂಗಳಲ್ಲೇ.

ಚಿತ್ತೆ ಮಳೆ ಆ ವರ್ಷ ಸಂಜೆ ನಾಲ್ಕರ ಹೊತ್ತಿಗೆ ಹಿಡಿಯಿತು. ನೀವಿಬ್ಬರೂ ಮನೆಗೆ ಬಂದು ಒಳಗಿದ್ದಿರಿ. ನಾನು ಹೊಸ್ತಿಲಲ್ಲಿ ನಿಂತಿದ್ದೆ. ಅರ್ಧ ಗಂಟೆ ಆಗಿರಲಿಲ್ಲ, ದಿಬ್ಬದ ಮೈಮೇಲೆ ಗೀರು ಗೀರಾಗಿ ಬಿಳಿ ನೀರು ಇಳಿಯಿತು. ಚರಂಡಿ ತುಂಬಿತು. ಪೈಪಿನ ಬಾಯಲ್ಲಿ ಅದು ಸುತ್ತುವುದು, ನಿಲ್ಲುವುದು, ಹಿಂದಕ್ಕೆ ತಿರುಗುವುದು ಎಲ್ಲ ಕಂಡಿತು. ಏನಾಗುತ್ತಿದೆ ಎಂದು ನನಗೆ ಪಾಠದ ಮಾತಿನಲ್ಲೇ ತಿಳಿಯುತ್ತಿತ್ತು. ಅದೇ ಹೆಚ್ಚು ಸಂಕಟ. ಏನೂ ತಿಳಿಯದಿದ್ದರೆ ಮಳೆ ಜೋರು ಎಂದುಕೊಂಡು ಸುಮ್ಮನಿರಬಹುದಿತ್ತು. ರಸ್ತೆ ದಾಟಿ ಓಡಿದೆ. ಅಷ್ಟರಲ್ಲಿ ನೀರು ಅಜ್ಜಿಯ ಹೊಸ್ತಿಲು ದಾಟಿತ್ತು. ಇಬ್ಬರೂ ಸೇರಿ ಚಾಪೆಗಳನ್ನು ಮಂಚದ ಮೇಲೆ ಎತ್ತಿ ಹಾಕಿದೆವು. ಕೆಳಗಿದ್ದ ಡಬ್ಬಗಳು ತೇಲಿದವು. ಒಂದು ವಾರ ಲಟ್ಟಿಸಿದ ಹಪ್ಪಳ ಅಂಟಿನಂತೆ ಕರಗಿತು. ಮಳೆ ನಿಂತ ಮೇಲೆ ನೆಲದ ತುಂಬ ಬಿಳಿ ಕೆಸರು, ಸುಣ್ಣ ಬಳಿದ ಹಾಗೆ.

ಅಜ್ಜಿ ಸೀರೆ ಎತ್ತಿ ಸಿಕ್ಕಿಸಿಕೊಂಡು ಕೆಸರು ಬಳಿಯುತ್ತಲೇ ಹೇಳಿದರು: "ಏನಕ್ಕಾ, ನಿನ್ ಮಗ್ಳು ಪೈಪು ನೀರ್ ಆಚೆಗ್ ಕಳ್ಸಕ್ಕೋ, ನಮ್ಮನೆಗ್ ಕಳ್ಸಕ್ಕೋ? ಮುಂಚೇನೇ ಸೊಲ್ಲಿದ್ರೆ ತಾವರೆ ಆಕ್ತಿದ್ದೆ ಒಳ್ಗಡೆ."

ನಾನು ನಗಲಿಲ್ಲ. ಅವರೂ ನಗಲಿಲ್ಲ.

ಎರಡು ದಿನದ ಮೇಲೆ ಕಾರಣ ತಿಳಿಯಿತು ಎಂದು ಸುದ್ದಿ ಬಂತು. ಆಫೀಸಿನಿಂದ ನೋಡಿಕೊಂಡು ಹೋದವರು, ಪೈಪಿನ ಬಾಯಿಗೆ ಕಸ ಕಟ್ಟಿತ್ತು, ಅಕ್ಕಪಕ್ಕದವರು ಚರಂಡಿಗೆ ಹಿಟ್ಟು, ಬಟ್ಟೆ ಎಸೆಯುತ್ತಾರೆ ಎಂದು ಬರೆದುಕೊಂಡಿದ್ದರು. ಲೈನಿನಲ್ಲಿ ಹಿಟ್ಟಿನ ಕೆಲಸ ಮಾಡುವವರು ಒಬ್ಬರೇ. ಆ ದಿನದಿಂದ ನಲ್ಲಿಯ ಹತ್ತಿರ ಜನ ಅಜ್ಜಿಗೆ ಕೇಳುವಂತೆಯೇ ಮಾತಾಡಿದರು. "ತಾನೇ ಮುಚ್ಬುಟ್ಟು ತಾನೇ ಅಳಾದು." ಅಜ್ಜಿ ಕೊಡ ತುಂಬಿಸಿಕೊಂಡು ಹೊರಟರು. ನನ್ನ ಮುಂದೆ ಬಂದಾಗ ಮಾತ್ರ ನಿಂತು, "ನಾನಾ ಅಕ್ಕಾ ಆಕಿದ್ದು? ಹಿಟ್ಟು ಬಿಸಾಡೋ ಅಷ್ಟು ಹಿಟ್ಟು ನನ್ ಅತ್ರ ಎಲ್ಲೈತೆ?" ಎಂದರು.

ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಹಿತ್ತಲಲ್ಲಿ ಎರಡು ಡಬ್ಬ ಇಟ್ಟೆ. ಒಂದಕ್ಕೆ ಕಟ್ಟಡದವರು ಬಿಟ್ಟುಹೋಗಿದ್ದ ಹೊಳೆಯ ಮರಳು. ಇನ್ನೊಂದಕ್ಕೆ ಕೈಗೆ ಕವರು ಕಟ್ಟಿಕೊಂಡು ದಿಬ್ಬದ ಬುಡದಿಂದ ಬಗೆದು ತಂದ ಹಿಟ್ಟು. ಅದನ್ನು ಬರಿಗೈಯಲ್ಲಿ ಮುಟ್ಟಬಾರದು, ನೀವೂ ಮುಟ್ಟಬೇಡಿ. ಹಿಟ್ಟಿನ ಮೇಲೆ ಒಂದಿಷ್ಟು ನೀರು ಚಿಮುಕಿಸಿ ಬಿಸಿಲಿಗೆ ಬಿಟ್ಟೆ. ಮಾರನೇ ದಿನ ಅದರ ಮೇಲೆ ತೆಳ್ಳಗೆ ಹೊಪ್ಪಳಿಕೆ ಕಟ್ಟಿತ್ತು, ಆರಿದ ಅಂಬಲಿಯ ಮೇಲಿನ ಕೆನೆಯಂತೆ, ಆದರೆ ಗಟ್ಟಿ. ಎರಡಕ್ಕೂ ಒಂದೊಂದು ಲೋಟ ನೀರು ಹೊಯ್ದೆ. ಮರಳಿನದು ನಾನು ಲೋಟ ಕೆಳಗಿಡುವುದರೊಳಗೆ ಇಲ್ಲ. ದಿಬ್ಬದ್ದರ ಮೇಲೆ ನೀರು ಹಾಗೇ ನಿಂತಿತ್ತು. ಅದರಲ್ಲಿ ನನ್ನ ಮುಖವೂ ಕಂಡಿತು. ಡಬ್ಬ ವಾಲಿಸಿದರೆ ಅಷ್ಟೂ ನೀರು ಒಂದಿಷ್ಟು ಬಿಳಿ ಹಿಟ್ಟನ್ನು ಎಳೆದುಕೊಂಡು ಹೊರಗೆ ಬಿತ್ತು. ಇಷ್ಟನ್ನು ನೋಡಲು ಕೋರ್ಸು ಬೇಕಾಗಿರಲಿಲ್ಲ. ಹೊಸ್ತಿಲಲ್ಲಿ ನಿಂತು ಮಳೆ ನೋಡಿದ ವರ್ಷಗಳು ಸಾಕಾಗಿದ್ದವು. ನಾನೇ ಅವನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಅಂದು ಸಂಜೆ ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಮಾರನೆಯ ದಿನವೂ ಹೇಳಲಿಲ್ಲ. ನಿಮ್ಮಮ್ಮನ ಕೆಲಸ ಕಾಯಂ ಆಗುವ ಕಾಗದ ಇನ್ನೂ ಬಂದಿರಲಿಲ್ಲ. ಮೂರನೆಯ ದಿನ ಅವಳು ಕಾಲು ತೊಳೆದು ಕೂತಾಗ ಎರಡೂ ಡಬ್ಬ ತಂದು ಮುಂದಿಟ್ಟು, ಮಾತಿಲ್ಲದೆ ನೀರು ಹೊಯ್ದೆ.

ಅವಳು ಬಾಗಿ ಎರಡೂ ಡಬ್ಬ ನೋಡಿದಳು. "ಅಂಗಾರೆ ಲೆಕ್ಕನೇ ತಪ್ಪು" ಎಂದಳು.

"ನಾನ್ ಏಳಿದ್ದು ತಪ್ಪು. ನಂಗೆ ಅನುಮಾನ ಬಂದಿತ್ತು. ಮೇಷ್ಟ್ರು ಏಳವ್ರಲ್ಲ ಅಂತ ಸುಮ್ಕಾದೆ."

"ಪಾಠ ನಾನ್ ಕೇಳ್ಬೇಕಾಗಿತ್ತು. ನಿನ್ ತಲೆ ಮ್ಯಾಲೆ ಆಕ್ಬುಟ್ಟು ನಾನ್ ಮಲ್ಗಿದ್ದೆ." ಡಬ್ಬಗಳನ್ನು ಪಕ್ಕಕ್ಕೆ ಸರಿಸಿ, "ಕಸ ಅಂತ ಬರ್ಕೊಂಡವ್ರೆ. ಸುಮ್ಕಿದ್ರೆ ಮುಗ್ದೋಯ್ತದೆ" ಎಂದಳು.

"ಆ ಯಮ್ಮಂಗೆ ಮುಗ್ಯಲ್ವಲ್ಲ."

ಸೊಪ್ಪಿನ ಸಾರು ಆರುತ್ತಿತ್ತು, ಇಬ್ಬರೂ ಮುಟ್ಟಲಿಲ್ಲ. ಕೊನೆಗೆ ಅವಳೇ, "ಸಾರ್ ಅತ್ರ ನಾನ್ ಏಳಿದ್ರೆ ಪುಸ್ತಕದಾಗೆ ಎಲ್ಲೈತೆ ತೋರ್ಸು ಅಂತಾರೆ. ಡಬ್ಬ ತಗೊಂಡು ನೀನೇ ಬಾ" ಎಂದಳು.

"ನಾನಾ? ಆಫೀಸ್ಗಾ?"

"ಮಾತಾಡ್ಬೇಡ. ನಂಗ್ ತೋರ್ಸಿದ್ದಂಗೇ ತೋರ್ಸು. ಸಾಕು."

ಆ ದಿನ ಬೆಳಗಿನ ರೈಲಿನಲ್ಲಿ ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದು ನೆನಪಿದೆ. ಆ ರೈಲು ಯಾವಾಗಲೂ ತುಂಬಿರುತ್ತದೆ. ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ನಿಂತೇ ನಿದ್ದೆ ಮಾಡುತ್ತಾರೆ. ಪಕ್ಕದ ಹೆಂಗಸು, "ಏನಮ್ಮಾ ಅದು, ತಿಂಡಿನಾ?" ಎಂದು ಕೇಳಿದಳು. "ಮಣ್ಣು" ಎಂದೆ. ಅವಳು ಒಂದಿಷ್ಟು ಸರಿದು ಕೂತಳು. ಕೋರಮಂಡಲ್ ಸ್ಟೇಷನ್ ದಾಟಿದ ಮೇಲೆ ನನಗೆ ಇಳಿದು ವಾಪಸ್ ಹೋಗಿಬಿಡೋಣ ಎನಿಸಿತು. ನಿಮ್ಮಮ್ಮ ನನ್ನ ಸೆರಗಿನ ತುದಿಯನ್ನು ಹಿಡಿದುಕೊಂಡಿದ್ದಳು, ಸಣ್ಣವಳಿದ್ದಾಗ ಸಂತೆಯಲ್ಲಿ ಹಿಡಿಯುತ್ತಿದ್ದ ಹಾಗೆ.

ಇಂಜಿನಿಯರು ಕೆಟ್ಟವರಲ್ಲ. ಮೇಜಿನ ತುಂಬ ಕಾಗದ, ಎರಡು ಫೋನು. "ಏನಮ್ಮ?" ಎಂದರು. ನಿಮ್ಮಮ್ಮ, "ಸರ್, ನಮ್ಮಮ್ಮ. ಒಂದ್ನಿಮಿಷ ನೋಡಿ" ಎಂದಳು. ಡಬ್ಬಗಳನ್ನು ನೆಲದ ಮೇಲಿಟ್ಟೆ, ಮೇಜಿನ ಮೇಲಿಡಲು ಧೈರ್ಯ ಬರಲಿಲ್ಲ. ಅಲ್ಲೇ ಇದ್ದ ಕುಡಿಯುವ ನೀರಿನ ಲೋಟ ತೆಗೆದುಕೊಂಡು ಎರಡಕ್ಕೂ ಹೊಯ್ದೆ. ಅವರು ಕುರ್ಚಿಯಿಂದ ಬಾಗಿದರು. ಆಮೇಲೆ ಎದ್ದು ಬಂದು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು. ಪೆನ್ನಿನ ತುದಿಯಿಂದ ಹೊಪ್ಪಳಿಕೆಯನ್ನು ತಟ್ಟಿ ನೋಡಿದರು.

"ಇದು ಆ ದಿಬ್ಬದ್ದಾ?"

ನಾನು ತಲೆ ಆಡಿಸಿದೆ.

"ನಾನು ನೋಡ್ದಾಗ ಪುಡಿಪುಡಿ ಇತ್ತಲ್ಲ?"

ಆಗ ನನ್ನ ಬಾಯಿಂದ ಮಾತು ಬಂತು. "ನೀವು ಬಂದಿದ್ದು ಬ್ಯಾಸ್ಗೇಲಿ ಸಾಮಿ. ಮಳೆಗಾಲ್ದಾಗೆ ಬರ್ಬೇಕಾಗಿತ್ತು." ಅಷ್ಟು ಹೇಳಿ ನನಗೇ ಹೆದರಿಕೆಯಾಗಿ ಚೀಲ ಮಡಿಸಲು ಶುರು ಮಾಡಿದೆ.

ಅವರು ನಕ್ಕರು, ಆದರೆ ಸಂತೋಷದ ನಗು ಅಲ್ಲ. ನಿಮ್ಮಮ್ಮನ ಕಡೆ ತಿರುಗಿ, "ನಾನೂ ಸಹಿ ಹಾಕಿದ್ದೀನಿ ಕಣಮ್ಮ" ಎಂದರು. ಫೈಲು ತರಿಸಿ ಕಸ ಎಂದು ಬರೆದಿದ್ದ ಸಾಲನ್ನು ಅಡ್ಡ ಗೆರೆ ಎಳೆದು ಹೊಡೆದು ಹಾಕಿದರು. ದಿಬ್ಬವನ್ನು ಹೆಚ್ಚುಕಡಿಮೆ ತಗಡಿನ ಮಾಡಿನ ಲೆಕ್ಕಕ್ಕೆ ಹಿಡಿದು ಮತ್ತೆ ಗುಣಿಸಿದಾಗ ಅಂಥ ಪೈಪು ಇನ್ನೊಂದು ಬೇಕು ಎಂದು ಬಂತು. ಜೊತೆಗೆ, ನೀರಿನ ಜೊತೆ ಬರುವ ಹಿಟ್ಟು ಮೊದಲೇ ತಂಗಿ ಕೂರಲು ಪೈಪಿನ ಮುಂದೆ ಒಂದು ಹೂಳಿನ ಗುಂಡಿ. ಅದೂ ಪಾಠದಲ್ಲಿ ಇತ್ತು, ಹದಿನಾಲ್ಕನೆಯ ಪಾಠ. ಆಗ ನಾವು ಅದನ್ನು ನಮಗಲ್ಲ ಎಂದು ದಾಟಿಸಿದ್ದೆವು.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆದರೆ ನಿಮಗೆ ಸುಳ್ಳು ಹೇಳಿದ ಹಾಗೆ. ಗುಂಡಿ ಮಾತ್ರ ಬೇಗ ತೋಡಿದರು. ಎರಡನೆಯ ಪೈಪು ಬರಲು ಮುಂದಿನ ಮುಂಗಾರು ಕಳೆಯಬೇಕಾಯಿತು. ಅಷ್ಟರಲ್ಲಿ ಅಜ್ಜಿಯ ಮನೆಗೆ ಇನ್ನೊಂದು ಸಲ ನೀರು ಬಂತು, ಪಾದ ಮುಳುಗುವಷ್ಟು. ನಿಮ್ಮಮ್ಮನ ಕಾಯಂ ಕಾಗದ ಒಂದು ವರ್ಷ ಮುಂದಕ್ಕೆ ಹೋಯಿತು. ಅವಳು ಅದೇ ಕೋರ್ಸನ್ನು ಮೊದಲಿಂದ ಮತ್ತೆ ತಾನೇ ಕೂತು ನೋಡಿದಳು, ಭಾನುವಾರಗಳಲ್ಲಿ. ಕಣ್ಣು ಮುಚ್ಚಿ ಬಂದರೆ ಎದ್ದು ಮುಖ ತೊಳೆದುಕೊಂಡು ಬಂದು ನೋಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ, ಆದರೆ ಉತ್ತರ ಒತ್ತುತ್ತಿರಲಿಲ್ಲ.

ಅಜ್ಜಿಗೆ ನಾನು ಎಲ್ಲವನ್ನೂ ಹೇಳಿದೆ. ನಲ್ಲಿಯ ಹತ್ತಿರವೇ, ನಾಲ್ಕು ಜನಕ್ಕೆ ಕೇಳುವಂತೆ ಹೇಳಿದೆ. ಅದು ಆಫೀಸಿಗಿಂತ ಕಷ್ಟವಾಯಿತು. ಕೊಡ ತುಂಬಿ ಹರಿಯುತ್ತಿದ್ದರೂ ಅವರು ಕೇಳಿಸಿಕೊಂಡರು.

"ಓ, ನೀನಾ ಓದಿದ್ದು?" ಎಂದರು. "ನಾನು ಚಿನ್ನಪೊಣ್ಣು, ನಿನ್ ಮಗ್ಳು, ಓದಿದ್ದು ಅಂದ್ಕೊಂಡಿದ್ದೆ. ನೀನು ಓದಿದ್ದು ಅಂತ ಗೊತ್ತಿದ್ರೆ ಹಪ್ಪಳ ಅಟ್ಟಕ್ಕ್ ಆಕ್ತಿದ್ದೆ ಅಕ್ಕಾ."

ಅವತ್ತು ಇಬ್ಬರೂ ನಕ್ಕೆವು. ಆದರೆ ಒಂದು ತಿಂಗಳು ಅವರು ನಮ್ಮ ಮನೆಗೆ ಹಪ್ಪಳ ಕಳುಹಿಸಲಿಲ್ಲ. ಅದೂ ನ್ಯಾಯವೇ.

ಈಗ ಎರಡು ಪೈಪು ಇದೆ. ಪ್ರತಿ ದೊಡ್ಡ ಮಳೆಯ ಮಾರನೆಯ ದಿನ ಗುಂಡಿಯಿಂದ ಬಿಳಿ ಹೂಳು ಎತ್ತಬೇಕು. ಎತ್ತದಿದ್ದರೆ ಎರಡಲ್ಲ, ನಾಲ್ಕು ಪೈಪು ಇದ್ದರೂ ಅಷ್ಟೆ. ಎತ್ತಲು ಬರಬೇಕಾದವರು ಒಂದು ಸಲ ಬಂದರೆ ಮೂರು ಸಲ ಬರುವುದಿಲ್ಲ. ಬರದ ದಿನ ಕೈಗೆ ಕವರು ಕಟ್ಟಿಕೊಂಡು ನಾನೂ ಅಜ್ಜಿಯೂ ಬಕೇಟಿನಲ್ಲಿ ಎತ್ತುತ್ತೇವೆ. ಅವರು ಗುಂಡಿಯೊಳಗಿಳಿದು ತುಂಬಿಸುತ್ತಾರೆ, ನಾನು ಮೇಲೆ ಎಳೆಯುತ್ತೇನೆ. ಮಾತು ಹೆಚ್ಚಿಲ್ಲ. ನಿಮ್ಮ ತಾತ ಪಂಪಿನ ಪಕ್ಕದಲ್ಲಿ ಹೀಗೇ ಇದ್ದಿರಬೇಕು ಎಂದು ಆಗ ಅನಿಸುತ್ತದೆ. ಮುಗಿಯಿತು ಎಂದು ಎದ್ದು ಬರುವ ಕೆಲಸ ಅಲ್ಲ ಇದು. ಮಳೆ ನೋಡಿದರೆ ಮೊದಲು ಖುಷಿಯಾಗುತ್ತಿದ್ದವಳಿಗೆ ಈಗ ಮೊದಲು ಬೆನ್ನು ನೆನಪಾಗುತ್ತದೆ.

ಆ ಚಿತ್ತೆ ಮಳೆಯ ಮಾರನೆಯ ದಿನದಿಂದ ಹಿತ್ತಲ ಕಲ್ಲಿನ ಮೇಲೆ ಮಳೆ ಅಳೆಯಲು ಬಾಯಿ, ಬುಡ ಒಂದೇ ಅಗಲದ ಒಂದು ಡಬ್ಬ ಇಟ್ಟಿದ್ದೇನೆ. ಗುಂಡ, ನಿನ್ನ ಸ್ಕೇಲು ಕಳೆದುಹೋಯಿತು ಎಂದು ಅತ್ತಿದ್ದೆಯಲ್ಲ, ಅದು ನನ್ನ ಹತ್ತಿರವೇ ಇದೆ. ಪ್ರತಿ ಮಳೆಯ ನಂತರ ಬೆಳಿಗ್ಗೆ ಅಳತೆ ತೆಗೆದು ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆಯುತ್ತೇನೆ. ಎಷ್ಟು ಬಿತ್ತು, ಎಷ್ಟು ಹೊತ್ತು ಬಿತ್ತು, ಅಜ್ಜಿಯ ಹೊಸ್ತಿಲಿನಿಂದ ನೀರು ಎಷ್ಟು ಕೆಳಗೆ ನಿಂತಿತು. ಒಂದೆರಡು ವರ್ಷದ ಲೆಕ್ಕದಿಂದ ಏನೂ ಹೇಳಲಾಗದು, ಬಹಳ ವರ್ಷದ್ದು ಬೇಕು ಎಂದು ಪಾಠದಲ್ಲಿ ಮತ್ತೆ ಮತ್ತೆ ಹೇಳುತ್ತಾರೆ. ಬಹಳ ವರ್ಷ ನನ್ನ ಹತ್ತಿರ ಇಲ್ಲ. ನಿಮ್ಮ ಹತ್ತಿರ ಇದೆ. ನನ್ನ ಕೈಲಾಗದ ದಿನ ಬಂದಾಗ ಯಾರಾದರೂ ಒಬ್ಬರು ಆ ಡಬ್ಬ ನೋಡಿ ಬರೆದರೆ ಸಾಕು. ಅಂಕೆ ನಿಮಗೆ ಬರುವ ಹಾಗೆ ಬರೆಯಿರಿ, ಕನ್ನಡದ್ದೇ ಆಗಬೇಕೆಂದಿಲ್ಲ. ಕಂಡದ್ದನ್ನು ಬರೆಯಿರಿ. ಯಾರು ಏನೇ ಹೇಳಿರಲಿ, ಮೊದಲು ಕಂಡದ್ದನ್ನು ಬರೆಯಿರಿ.

ಈ ಪುಟಗಳನ್ನೂ ಅದೇ ನೋಟ್‌ಬುಕ್ಕಿನ ಜೊತೆ ಸೇರಿಸಿ ಹೊಲಿದಿದ್ದೇನೆ. ಜೋಪಾನವಾಗಿ ಇಡಿ. ಮಂಚದ ಕೆಳಗಿನ ಟ್ರಂಕಿನಲ್ಲಿ ಬೇಡ, ರಾಗಿ ಡಬ್ಬದ ಮೇಲಿನ ಹಲಗೆಯಲ್ಲಿ ಇಡಿ. ನಮ್ಮ ಮನೆಗೆ ಮೂರು ಮೆಟ್ಟಿಲಿದೆ, ನಿಜ. ಆದರೂ ಹಲಗೆಯ ಮೇಲೇ ಇರಲಿ.